ಪೂಜೆಗಿಟ್ಟ ಪಿಸ್ತೂಲು

೨೦೨೧ರಲ್ಲಿ ನಾನು ಸ್ಯಾನ್ ಡಿಯೇಗೊದಲ್ಲಿ ಕೌಟುಂಬಿಕ ಪ್ರಕರಣಗಳ ವಕೀಲೆಯಾಗಿದ್ದೆ. ವಿಚ್ಛೇದನ, ಮಕ್ಕಳ ಕಸ್ಟಡಿ, ಮನೆಯೊಳಗಿನ ಹಿಂಸೆ ಇವೇ ನನ್ನ ದಿನನಿತ್ಯದ ಕೆಲಸ. ಆ ವರ್ಷದ ನವೆಂಬರ್ ಮೊದಲ ವಾರದಲ್ಲಿ ಸುಮಾ ನನ್ನ ಆಫೀಸಿಗೆ ಬಂದಳು. ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಕೆಲಸ ಮಾಡುವ, ಯುಗಾದಿ, ದೀಪಾವಳಿಗಳಲ್ಲಿ ನನಗೆ ಎದುರಾಗುತ್ತಿದ್ದ ಹೆಣ್ಣುಮಗಳು. ಮಾಸ್ಕ್ ತೆಗೆಯದೆಯೇ ಅತ್ತಳು.

ಅವಳ ಗಂಡ ಶ್ರೀಧರ ಸೊರೆಂಟೊ ವ್ಯಾಲಿಯ ಚಿಪ್ ಕಂಪನಿಯೊಂದರಲ್ಲಿ ಹದಿನೈದು ವರ್ಷ ದುಡಿದವನು. ಕೋವಿಡ್ ಕಾಲದಲ್ಲಿ ಮನೆಯಿಂದಲೇ ಕೆಲಸವಾದಾಗ ಕೌಂಟಿಯ ಪೂರ್ವದ ಬೆಟ್ಟದೂರಿನಲ್ಲಿ ಮನೆ, ಜಮೀನು ಕೊಂಡ. ಅಲ್ಲಿ ಪೊಲೀಸರನ್ನು ಕರೆದರೆ ಬರುವಷ್ಟರಲ್ಲಿ ಕಾಫಿ ಆರಿ ಹೋಗುತ್ತದೆ, ತೋಳದಂಥ ಕಯೋಟಿಗಳು ಅಂಗಳಕ್ಕೇ ಬರುತ್ತವೆ ಎಂದು ಕಾನೂನುಬದ್ಧವಾಗಿಯೇ ಒಂದು ಪಿಸ್ತೂಲನ್ನೂ ಕೊಂಡ. ಆಮೇಲೆ ಕೆಲಸ ಹೋಯಿತು. ಸುಮಾ ಬೆಳಿಗ್ಗೆ ಕಾರು ಹತ್ತಿದರೆ ಸಂಜೆಯವರೆಗೂ ಅವನೊಬ್ಬನೇ. ಮಾತು ನಿಂತಿತು, ಊಟ ನಿಂತಿತು.

ಅಕ್ಟೋಬರಿನ ಆಯುಧಪೂಜೆಗೆ ಲಾಸ್ ಏಂಜಲೀಸ್ ಕಡೆಯ ಡೈಮಂಡ್ ಬಾರ್‌ನಿಂದ, ಸ್ಯಾಂಟಾ ಕ್ಲಾರಿಟಾದಿಂದ ಹಳೆಯ ಗೆಳೆಯರ ಮೂರು ಕುಟುಂಬಗಳು ಬಂದಿದ್ದವು. ಲ್ಯಾಪ್‌ಟಾಪ್, ಗರಗಸ, ನೀರಿನ ಪಂಪು, ಕಾರು ಎಲ್ಲಕ್ಕೂ ಅರಿಶಿನ ಕುಂಕುಮ. ಶ್ರೀಧರ ಪಿಸ್ತೂಲನ್ನೂ ತಿಜೋರಿಯಿಂದ ತಂದು, ಗುಂಡಿಲ್ಲ ಎಂದು ಎಲ್ಲರಿಗೂ ತೋರಿಸಿ, ಕುಂಕುಮವಿಟ್ಟು ಚೆಂಡುಹೂ ಮುಡಿಸಿದ. ಮಂಗಳಾರತಿ ಮುಗಿದ ಮೇಲೆ ಹೇಳಿದನಂತೆ, "ಮುಂದಿನ ವರ್ಷ ನೀವೇ ಮಾಡ್ಕೊಳ್ರಪ್ಪ, ನಾನಿರಲ್ಲ." ಡೈಮಂಡ್ ಬಾರ್‌ನ ಪ್ರಕಾಶ, "ಯಾಕೋ, ಟೆಕ್ಸಸ್‌ಗೆ ಹೋಗ್ತೀಯಾ?" ಎಂದು ಕಿಚಾಯಿಸಿದ. ಎಲ್ಲರೂ ನಕ್ಕು ಹೋಳಿಗೆ ತಿಂದರು.

ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ. ಮಾರನೆಯ ದಿನ ವಿಜಯದಶಮಿಯಂದು ಪೂಜೆ ಮಾಡಿದವರೇ ಕದಲಿಸಿ ತೆಗೆದಿಡುವುದು ನಮ್ಮಲ್ಲಿನ ಪದ್ಧತಿ. ಶ್ರೀಧರ ಕದಲಿಸಲಿಲ್ಲ. ವಾರ ಕಳೆಯಿತು, ಎರಡು ವಾರವಾಯಿತು, ಪಿಸ್ತೂಲು ದೇವರ ಮುಂದಿನ ಮಣೆಯ ಮೇಲೇ ಇತ್ತು.

"ನೀನೇ ತೆಗೆದು ಒಳಗಿಟ್ಟು ಬೀಗ ಹಾಕಬಾರದಿತ್ತೇನೇ?" ಎಂದೆ.

"ಅವರು ಮಾಡಿದ ಪೂಜೆ ಆಂಟಿ, ನಾನು ಹೆಂಗೆ ಕದಲಿಸ್ಲಿ? ಅಪಶಕುನ ಆಗಿ ಏನಾದ್ರೂ ಆದ್ರೆ?"

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆದರೆ ನಮ್ಮಮ್ಮ ಇದ್ದಿದ್ದರೆ ಅವಳೂ ಇದನ್ನೇ ಹೇಳುತ್ತಿದ್ದಳು.

ಕ್ಯಾಲಿಫೋರ್ನಿಯಾದಲ್ಲಿ ಇಂಥ ಸಂದರ್ಭಕ್ಕೆಂದೇ ಒಂದು ಕಾನೂನಿದೆ. ಬಂದೂಕಿನಿಂದ ತಮಗೋ ಇತರರಿಗೋ ಅಪಾಯ ಮಾಡಬಹುದಾದವರ ಮೇಲೆ ಮನೆಯವರೇ ಕೋರ್ಟಿನಿಂದ ತಡೆ ಆದೇಶ ತರಬಹುದು. ಅದು ಕ್ರಿಮಿನಲ್ ಮೊಕದ್ದಮೆಯಲ್ಲ, ಜೈಲಿಲ್ಲ. ಮೊದಲು ಇಪ್ಪತ್ತೊಂದು ದಿನಗಳ ತಾತ್ಕಾಲಿಕ ಆದೇಶ. ಆಮೇಲೆ ವಿಚಾರಣೆ ನಡೆದು, ಸಾಕ್ಷ್ಯ ಗಟ್ಟಿಯಿದ್ದರೆ ಒಂದರಿಂದ ಐದು ವರ್ಷ. ತಾತ್ಕಾಲಿಕ ಆದೇಶ ಬೇಗನೆ ಸಿಕ್ಕಿತು. ಪೊಲೀಸರು ಹೋಗಿ ಪಿಸ್ತೂಲು ತಂದರು. ವಿಚಾರಣೆಯಲ್ಲಿ ಸೋತರೆ ಅದು ಮರಳಿ ಶ್ರೀಧರನ ಕೈಗೆ ಹೋಗುತ್ತಿತ್ತು. ಹೋದರೆ ಏನಾಗುತ್ತದೆಂದು ಸುಮಾಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಶ್ರೀಧರ ವಕೀಲನನ್ನು ಇಟ್ಟ. ಇದು ಧಾರ್ಮಿಕ ಆಚರಣೆ, ಗಂಡ ಹೆಂಡಿರ ಜಗಳಕ್ಕೆ ದೇವರ ಪೂಜೆಯನ್ನು ಎಳೆತರಲಾಗಿದೆ ಎಂಬುದು ಅವರ ವಾದ. ಅಮೆರಿಕದ ಯಾವ ನ್ಯಾಯಾಧೀಶರೂ ಇಂಥ ಮಾತಿಗೆ ಹಿಂಜರಿಯುತ್ತಾರೆ. ಪೂಜೆಯ ಪಿಸ್ತೂಲು ವಾರಗಟ್ಟಲೆ ಹೊರಗಿರುವುದು ಪದ್ಧತಿಯಲ್ಲ ಎಂದು ನನಗೆ ಗೊತ್ತಿದ್ದರೂ ವಕೀಲೆಯಾದವಳು ತನ್ನದೇ ಪ್ರಕರಣದಲ್ಲಿ ಸಾಕ್ಷಿ ಹೇಳುವಂತಿಲ್ಲ. ಸುಮಾಳ ಮಾತಿಗೆ ಬಲ ಕೊಡಲು ಬೇರೆಯವರು ಬೇಕಿತ್ತು.

ಪ್ರಕಾಶನಿಗೆ ಫೋನ್ ಮಾಡಿದೆ. ಈ ಪ್ರಕಾಶ ಸಾಮಾನ್ಯನಲ್ಲ. ಎಲ್ಲಿ ಗುಂಡಿನ ದಾಳಿಯಾದರೂ ವಾಟ್ಸಾಪ್ ಗುಂಪಿನಲ್ಲಿ ಮೊದಲ ಪೋಸ್ಟ್ ಅವನದು. ಬಂದೂಕು ನಿಯಂತ್ರಣದ ಮೆರವಣಿಗೆಯಲ್ಲಿ ಮೋಂಬತ್ತಿ ಹಿಡಿದು ಮುಂದಿನ ಸಾಲಿನಲ್ಲಿ ನಿಲ್ಲುತ್ತಾನೆ. ಬೆಟ್ಟದೂರಿನ ಜನರೆಂದರೆ ಅವನಿಗೆ ಬುದ್ಧಿಯಿಲ್ಲದವರು, ಅವರ ಓಟಿನಿಂದಲೇ ದೇಶ ಹಾಳಾಯಿತು.

"ಕಾನೂನು ಬೇಕೇ ಬೇಕು ಆಂಟಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಫ್ರೆಂಡ್ ವಿರುದ್ಧ ಕೋರ್ಟಲ್ಲಿ ಹೇಳಿ ಅಂದ್ರೆ ನಾಳೆ ಅವನ ಮುಖ ಹೆಂಗೆ ನೋಡ್ಲಿ?"

"ಅವನು ಇದ್ದರೆ ತಾನೇ ಮುಖ ನೋಡೋದು," ಎಂದೆ.

ಅವನು ಯೋಚಿಸಿ ಹೇಳುತ್ತೇನೆಂದ. ಹೇಳಲೇ ಇಲ್ಲ. ಉಳಿದಿಬ್ಬರಲ್ಲಿ ಒಬ್ಬನಿಗೆ ಗ್ರೀನ್ ಕಾರ್ಡಿಗೆ ತೊಂದರೆಯಾದೀತೆಂಬ ಭಯ, ಇನ್ನೊಬ್ಬನಿಗೆ 'ನಾನಿರಲ್ಲ' ಎಂಬ ಆ ಮಾತು ಕೇಳಿಸಿಯೇ ಇರಲಿಲ್ಲವಂತೆ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ಕೋರ್ಟಿನ ಸಮನ್ಸ್ ಕೊಟ್ಟು ಎಳೆತರಬಹುದಿತ್ತು. ಆದರೆ ನೆನಪಿಲ್ಲ ಎನ್ನಲು ಸಿದ್ಧನಾದವನನ್ನು ಕಟಕಟೆಗೆ ಹತ್ತಿಸಿದರೆ ಅವನಿಂದ ಎದುರಾಳಿಗೇ ಅನುಕೂಲ.

ಕೊನೆಗೆ ಸುಮಾ ಪಕ್ಕದ ಜಮೀನಿನ ಡೇಲ್ ಹೆಸರು ಹೇಳಿದಳು. ಅರವತ್ತೈದು ದಾಟಿದ, ಕುದುರೆ ಸಾಕುವ ಮನುಷ್ಯ; ಪೂಜೆಯ ನಂತರ ಅವರ ಮನೆಯೊಳಗೆ ಬಂದಿದ್ದವನು ಆತನೊಬ್ಬನೇ. ನಾನು ಹೋದಾಗ ಆತನ ಗೇಟಿನ ಮೇಲೆ ರಾಜ್ಯದ ರಾಜಧಾನಿಯ ಶಾಸಕರನ್ನೂ ಅವರ ಬಂದೂಕು ಕಾನೂನುಗಳನ್ನೂ ಬೈಯುವ ಎರಡು ಫಲಕಗಳಿದ್ದವು. ಇದು ಕಲ್ಲಿನಿಂದ ನಾರು ತೆಗೆಯುವ ಕೆಲಸ ಎಂದುಕೊಂಡೇ ಗೇಟು ತಟ್ಟಿದೆ. ಆತ ನನ್ನ ಮುಂದೆ ಇಪ್ಪತ್ತು ನಿಮಿಷ ಸಿಟ್ಟು ಕಾರಿದ. ಲಾಸ್ ಏಂಜಲೀಸಿನ ಅಪಾರ್ಟ್‌ಮೆಂಟಿನಲ್ಲಿ ಕೂತವರು ನಮ್ಮ ಬದುಕಿಗೆ ಕಾನೂನು ಬರೆಯುತ್ತಾರೆ, ನಿನ್ನ ಈ ಆದೇಶವೂ ಅಂಥದ್ದೇ ಒಂದು ದರೋಡೆ ಎಂದ. ನಾನೂ ಸುಮ್ಮನಿರುವವಳಲ್ಲ, ವಾದ ಮಾಡಿದೆ. ಆಮೇಲೆ ಆತ ತಾನಾಗಿಯೇ ಕೇಳಿದ, "ಯಾವತ್ತು ಬರಬೇಕು?"

ವಿಚಾರಣೆಯ ದಿನ ಡೇಲ್ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದ. ಪಂಪು ರಿಪೇರಿಗೆಂದು ಅಕ್ಟೋಬರ್ ಕೊನೆಯಲ್ಲಿ ಶ್ರೀಧರನ ಮನೆಗೆ ಹೋಗಿದ್ದನ್ನು ಹೇಳಿದ. ಮಣೆಯ ಮೇಲಿದ್ದ ಪಿಸ್ತೂಲನ್ನು, ಬಂದೂಕು ಕಂಡರೆ ಮೊದಲು ಪರೀಕ್ಷಿಸುವ ತನ್ನ ಅಭ್ಯಾಸದಂತೆ ಎತ್ತಿ ನೋಡಿದನಂತೆ.

"ಅವರ ಪೂಜೆ ನನಗೆ ಗೊತ್ತಿಲ್ಲ. ಆ ಹೂಗಳು ಒಣಗಿ ಪುಡಿಯಾಗಿದ್ದವು. ಪಿಸ್ತೂಲು ಲೋಡ್ ಆಗಿತ್ತು, ಗುಂಡು ತೆಗೆದಿಟ್ಟೆ. ಏನಿದು ಅಂತ ಕೇಳಿದರೆ, ತಾನು ಸಾಕಿದ ನಾಯಿಯನ್ನು ನೀನೇ ಇಟ್ಕೊ ಅಂದ. ತನ್ನ ನಾಯಿಯನ್ನು ಹಾಗೆ ಕೊಡುವ ಮನುಷ್ಯನ ಕೈಯಲ್ಲಿ ಬಂದೂಕು ಇರಬಾರದು."

ನ್ಯಾಯಾಧೀಶರು ಒಂದು ವರ್ಷದ ಆದೇಶ ಕೊಟ್ಟರು. ಶ್ರೀಧರ ನಮ್ಮ ಯಾರ ಕಡೆಗೂ ನೋಡದೆ ಹೊರಟುಹೋದ. ಕಾರಿಡಾರಿನಲ್ಲಿ ಕೈ ಮುಗಿದ ನನಗೆ ಡೇಲ್, ಈ ಕಾನೂನಿನ ವಿರುದ್ಧ ಸಾಯುವವರೆಗೂ ಓಟು ಹಾಕುತ್ತೇನೆ ಎಂದ. ಹಾಕುತ್ತಾನೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ನನಗೆ ಗೆಲುವಿನ ಖುಷಿಯಾಗಲಿಲ್ಲ, ಮೈ ಉರಿಯುತ್ತಿತ್ತು. ಕಾನೂನು ಬೇಕೆಂದವರಲ್ಲಿ ಒಬ್ಬನೂ ಆ ದಿನ ಕೋರ್ಟಿನಲ್ಲಿ ಇರಲಿಲ್ಲ.

ಮರುವರ್ಷ ಆದೇಶದ ಅವಧಿ ಮುಗಿಯುತ್ತಾ ಬಂತು. ಶ್ರೀಧರ ಡಾಕ್ಟರ ಬಳಿ ಹೋಗುತ್ತಿದ್ದಾನೆ, ಚೇತರಿಸಿಕೊಳ್ಳುತ್ತಿದ್ದಾನೆ ಎಂದು ಸುಮಾ ಹೇಳಿದ್ದಳು. ನವೀಕರಣಕ್ಕೆ ಅರ್ಜಿ ಹಾಕಿಸಬೇಕೇ ಬೇಡವೇ ಎಂದು ನಾನು ಯೋಚಿಸುತ್ತಿರುವಾಗ ಶ್ರೀಧರನೇ ಫೋನ್ ಮಾಡಿದ. ನನ್ನನ್ನು ಬೈಯಲೆಂದೇ ಇರಬೇಕು ಎಂದುಕೊಂಡು ಎತ್ತಿದೆ.

"ಆಂಟಿ, ಇನ್ನೊಂದು ವರ್ಷಕ್ಕೆ ಎಕ್ಸ್‌ಟೆಂಡ್ ಮಾಡ್ಸಿ. ನಾನು ಅಪೋಸ್ ಮಾಡಲ್ಲ."

ಚೇತರಿಸಿಕೊಂಡಿದ್ದೀಯಲ್ಲಪ್ಪ, ಯಾಕೆ ಎಂದೆ.

"ಡೇಲ್ ದಿನಾ ಸಂಜೆ ಬಂದು ಗವರ್ನಮೆಂಟನ್ನ ಬೈದು ಹೋಗ್ತಿದ್ದ. ಈ ರಾಜ್ಯ ಸಾಕು ಅಂತ ಐಡಾಹೋಗೆ ಹೊರಟುಹೋದ. ಈ ಸಲ ಪೂಜೆಗೆ ನಮ್ಮವರು ಒಬ್ರೂ ಬರ್ಲಿಲ್ಲ, ಕೋರ್ಟಿಗೆ ಹೋದವನ ಮನೆ ಅಂತ. ಕೆಟ್ಟ ದಿನ ಬಂದ್ರೆ, ಸುಮಾ ಕೆಲಸಕ್ಕೆ ಹೋದ್ಮೇಲೆ ನನ್ನ ನೋಡೋರು ಯಾರಿದಾರೆ ಆಂಟಿ?"

ಅರ್ಜಿ ಹಾಕಿಸಿದೆ, ಆದೇಶ ಮುಂದುವರಿಯಿತು. ಅದೇ ವಾರ ಪ್ರಕಾಶನಿಗೂ ಫೋನ್ ಮಾಡಿ, ಸಾಕ್ಷಿ ಹೇಳಬೇಡ ಮಾರಾಯ, ಒಂದು ಭಾನುವಾರ ಹೋಗಿ ಅವನ ಜೊತೆ ಊಟ ಮಾಡಿ ಬಾ ಎಂದೆ. "ಎರಡೂವರೆ ಗಂಟೆ ಡ್ರೈವ್ ಆಂಟಿ, ಟ್ರಾಫಿಕ್ ಗೊತ್ತಲ್ಲ," ಎಂದ.

ಈಗ ನಾನು ನಿವೃತ್ತಳು. ಆದರೂ ಇಂಥ ಪ್ರಕರಣ ಹಿಡಿದು ಸಲಹೆಗೆ ಬರುವವರಿದ್ದಾರೆ. ಮೊದಲೆಲ್ಲ ಮನೆಯಲ್ಲಿ ಎಷ್ಟು ಬಂದೂಕುಗಳಿವೆ ಎಂದು ಕೇಳಿ ಮಾತು ಶುರು ಮಾಡುತ್ತಿದ್ದೆ. ಅದನ್ನು ಈಗಲೂ ಕೇಳುತ್ತೇನೆ. ಅದಕ್ಕೆ ಮುಂಚೆ, ನಿಮ್ಮ ಮನೆಗೆ ಯಾರು ಬಂದು ಹೋಗುತ್ತಾರೆ ಎಂದು ಕೇಳುತ್ತೇನೆ. ಬಂದೂಕಿನ ಲೆಕ್ಕವನ್ನು ಥಟ್ಟನೆ ಹೇಳುವವರು ಈ ಪ್ರಶ್ನೆಗೆ ತಡವರಿಸುತ್ತಾರೆ.