ಯಾಗೊದಾಳ ಹಟ, ಕಂಪ್ಯೂಟರಿನ ಮೊಂಡು

ಲೆಸ್ಕೋವಾಟ್ಸ್ ಊರಿನ ಬಟ್ಟೆ ಗಿರಣಿ ಬಾಗಿಲು ಹಾಕಿದ ದಿನ ಅಲ್ಲಿ ದುಡಿಯುತ್ತಿದ್ದ ಹೆಂಗಸರೆಲ್ಲ ಗೇಟಿನ ಮುಂದೆ ನಿಂತು ಅತ್ತರು. ಯಾಗೊದಾ ಅಳಲಿಲ್ಲ, ಮನೆಗೆ ಬಂದವಳೇ ಕಿಟಕಿ ಗಾಜುಗಳನ್ನೆಲ್ಲ ತಿಕ್ಕಿ ತೊಳೆದಳು. ಅವಳ ದುಃಖ, ಸಿಟ್ಟು ಎಲ್ಲ ಕೈಗೇ ಇಳಿಯುವುದು, ಕಣ್ಣಿಗಲ್ಲ. ಗಂಡ ತೀರಿಕೊಂಡಾಗಲೂ ಅಷ್ಟೇ. ಆಮೇಲೆ ಆ ಮೂರನೇ ಮಹಡಿಯ ಮನೆಯಲ್ಲಿ ಉಳಿದವರು ಅವಳು ಮತ್ತು ಸೊಂಟ ಮುರಿದುಕೊಂಡ ಅತ್ತೆ ಸ್ತಮೆನಾ. ಮುದುಕಿಯನ್ನು ಒಂಟಿಯಾಗಿ ಬಿಟ್ಟು ಹೊರಗೆ ದುಡಿಯಲು ಹೋಗುವಂತಿರಲಿಲ್ಲ.

ಅಂಥ ಹೊತ್ತಿನಲ್ಲಿ ಮನೆಯಲ್ಲೇ ಕೂತು ಮಾಡುವ ಕೆಲಸವೊಂದು ಸಿಕ್ಕಿತು. ಜರ್ಮನಿಯ ಮಂಚ-ಕಪಾಟಿನ ಅಂಗಡಿಯೊಂದರ ಗಿರಾಕಿಗಳಿಗೆ ಕಂಪ್ಯೂಟರಿನ ಮೂಲಕ ಮಾತಾಡಿ ಸಮಾಧಾನ ಹೇಳುವುದು. ಅಪ್ಪನ ಜೊತೆ ಬಾಲ್ಯವನ್ನು ಅಲ್ಲೇ ಕಳೆದವಳಿಗೆ ಆ ಭಾಷೆ ನೀರು ಕುಡಿದಷ್ಟು ಸಲೀಸು. ಆದರೆ ಪರೀಕ್ಷೆಯ ದಿನ ಗಿರಾಕಿಯೊಬ್ಬ ಮುರಿದ ಮಂಚದ ಕಥೆ ಹೇಳುತ್ತಿದ್ದಾಗಲೇ ಕಂಪ್ಯೂಟರ್ ಟಪ್ಪೆಂದು ಆರಿಹೋಯಿತು. ಮರುದಿನವೂ ಅದೇ ಹಾಡು.

"ಸೋಮವಾರ ಇನ್ನೊಂದು ಸಲ ನೋಡೋಣ. ಅವತ್ತೂ ಹೀಗಾದ್ರೆ ಆಗಲ್ಲಮ್ಮ," ಎಂದಳು ಕಂಪನಿಯ ಹೆಂಗಸು.

"ಆ ಡಬ್ಬಕ್ಕೂ ನನ್ನ ಹಾಗೇ ವಯಸ್ಸಾಯ್ತು ಕಣೇ. ಬಿಟ್ಹಾಕು," ಎಂದಳು ಸ್ತಮೆನಾ.

"ನಿಮ್ಮನ್ನೇ ಬಿಟ್ಟಿಲ್ಲ ಅತ್ತೆ, ಅದನ್ನ ಬಿಡ್ತೀನಾ?"

ರಿಪೇರಿ ಅಂಗಡಿ ಇಟ್ಟಿದ್ದ ಕೆಳಮನೆಯ ತಿಹೊಮಿರ್, "ಅದು ನಿದ್ದೆ ಹೋಗ್ತಿರ್ಬೇಕು ಅಕ್ಕ, ಪವರ್ ಸೆಟ್ಟಿಂಗ್‌ನಲ್ಲಿ ನಿದ್ದೆಯನ್ನೇ ತೆಗೆದುಬಿಡಿ," ಎಂದ. ತೆಗೆದಳು. ಆದರೂ ಆರಿತು. ನಿದ್ದೆಯಾದರೆ ಕೀಲಿ ಮುಟ್ಟಿದೊಡನೆ ಏಳಬೇಕು, ಇದು ಹೆಣದಂತೆ ಬಿದ್ದಿರುತ್ತದೆ. ಹಾಗಾದರೆ ನಿದ್ದೆಯಲ್ಲ ಎಂದು ಅವಳೇ ತೀರ್ಮಾನಿಸಿದಳು. ಗಿರಣಿಯಲ್ಲಿ ಮಗ್ಗದ ನೂಲು ಯಾಕೆ ಕಡಿಯುತ್ತದೆಂದು ಹುಡುಕಿದವಳು ಅವಳು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಕಾದು ನೋಡಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ನೇರ ಗೋಡೆಗೆ ಸಿಕ್ಕಿಸಿದಳು. ವೈರು ಬದಲಿಸಿದಳು. ಮುಚ್ಚಳ ಬಿಚ್ಚಿ, ಹಿಟ್ಟಿಗೆ ಮೊಟ್ಟೆ ಬಳಿಯುವ ಕುಂಚದಿಂದ ಧೂಳು ಹೊಡೆದಳು. ಮೆಮೊರಿ ಪಟ್ಟಿ ಕಿತ್ತು, ರಬ್ಬರಿನಿಂದ ತಿಕ್ಕಿ, ಕಟ್ ಎನ್ನುವ ತನಕ ಒತ್ತಿ ಕೂರಿಸಿದಳು. ಏನೂ ಫಲವಿಲ್ಲ. ಕಡೆಗೆ ತರಕಾರಿ ತರುವ ಗಾಲಿಚೀಲದಲ್ಲಿ ಹಾಕಿ ತಿಹೊಮಿರ್‌ನ ಅಂಗಡಿಗೆ ಎಳೆದೊಯ್ದಳು.

"ಇದಕ್ಕೆ ಏನೂ ಆಗಿಲ್ಲ ಅಕ್ಕ. ಬೆಳಗ್ಗಿಂದ ಕುದುರೆ ಥರ ಓಡ್ತಿದೆ," ಎಂದ ಅವನು ಸಂಜೆಗೆ.

ಮನೆಗೆ ತಂದರೆ ರಾತ್ರಿ ಊಟದ ಹೊತ್ತಿಗೆ ಮೊದಲೇ ಆರಿತು. ಊರಿಗೆ ಉಪಕಾರಿ, ಮನೆಗೆ ಮಾರಿ. ಅಂಗಡಿಯಲ್ಲಿ ಇಲ್ಲದ್ದು ಈ ಮನೆಯಲ್ಲಿ ಏನಿದೆ ಎಂದು ಯಾಗೊದಾ ಸುತ್ತಲೂ ನೋಡಿದಳು. ಎಲ್ಲ ಇದ್ದದ್ದೇ, ಎಂದಿನದೇ. ಕಣ್ಣಿಗೆ ಏನೂ ಬೀಳಲಿಲ್ಲ.

ಶನಿವಾರ ಕ್ರೋಶಾ ಬಟ್ಟೆಗಳನ್ನು ಒಗೆಯುವ ದಿನ. ಆ ಮನೆಯಲ್ಲಿ ಟಿವಿ, ರೇಡಿಯೊ, ಫ್ರಿಜ್ಜು, ಫೋನು ಎಲ್ಲಕ್ಕೂ ಸ್ತಮೆನಾ ಹೆಣೆದ ಬಿಳಿ ಕ್ರೋಶಾ ಹೊದಿಕೆ. ಕಂಪ್ಯೂಟರ್ ಪೆಟ್ಟಿಗೆಗಂತೂ ಗೀರು ಬೀಳದಿರಲಿ ಎಂದು ಮೊದಲು ಫ್ಲಾನೆಲ್ ಮಡಿಕೆ, ಅದರ ಮೇಲೆ ದಪ್ಪ ಕ್ರೋಶಾ, ಅದರ ಮೇಲೆ ಅಲಂಕಾರದ ಗಾಜಿನ ಮೀನು. ಅವತ್ತು ಬಟ್ಟೆಗಳೆಲ್ಲ ಬಾಲ್ಕನಿಯಲ್ಲಿ ಒಣಗುತ್ತಿದ್ದವು, ಕಂಪ್ಯೂಟರ್ ದಿನವಿಡೀ ಓಡಿತು. ಸಂಜೆ ಮುದುಕಿ ಗಂಜಿ ಹಾಕಿ ಇಸ್ತ್ರಿ ಮಾಡಿದ್ದನ್ನೆಲ್ಲ ಕೋಲೂರಿಕೊಂಡು ಹೋಗಿ ಒಂದೊಂದಾಗಿ ಹೊದಿಸಿ ಬಂದಳು. ತುಸು ಹೊತ್ತಿಗೆ ಕಂಪ್ಯೂಟರಿನೊಳಗಿನ ಫ್ಯಾನು ಕಿರುಗುಟ್ಟತೊಡಗಿತು, ಆಮೇಲೆ ಟಪ್. ಯಾಗೊದಾ ಕ್ರೋಶಾದ ಮೇಲೆ ಅಂಗೈ ಇಟ್ಟಳು. ಒಲೆಯಿಂದ ಈಗ ತೆಗೆದ ರೊಟ್ಟಿಯಂತೆ ಸುಡುತ್ತಿತ್ತು. ಎತ್ತಿ ನೋಡಿದರೆ ಅಡಿಯಲ್ಲಿ ಬಿಸಿಗಾಳಿ ಹೊರಬರುವ ಜಾಲರಿ.

"ಅತ್ತೆ, ಇದು ಇಲ್ಲಿರೋ ಹಾಗಿಲ್ಲ. ಪೆಟ್ಟಿಗೆ ಉಸಿರುಗಟ್ಟಿ ಸಾಯ್ತಿದೆ."

ಸ್ತಮೆನಾಳ ಮುಖ ಬಾಡಿತು. ಮಗ ಆ ಪೆಟ್ಟಿಗೆ ತಂದ ದಿನ ಅಳತೆ ತೆಗೆದು ಹೆಣೆದದ್ದು ಅದು. ಕಣ್ಣು ಮಂಜಾಗುವ ಮೊದಲು ಅವಳು ಹೆಣೆದ ಕೊನೆಯದು.

"ಅವನು ತಂದದ್ದು ಬೆತ್ತಲೆ ನಿಲ್ಬೇಕಾ? ಬಂದೋರು ಏನಂತಾರೆ?"

"ಪೆಟ್ಟಿಗೆ ಬೆತ್ತಲೆ ಅಂತಾರೆ. ಅತ್ತೆ-ಸೊಸೆ ಉಪವಾಸ ಅನ್ನೋದಕ್ಕಿಂತ ವಾಸಿ."

ಮುದುಕಿ ಕ್ರೋಶಾವನ್ನೂ ಮೀನನ್ನೂ ಎತ್ತಿಕೊಂಡು ತನ್ನ ಕೋಣೆ ಸೇರಿದಳು. ಭಾನುವಾರವಿಡೀ ಮಾತಿಲ್ಲ. ಹೇಳಿದ್ದು ಸರಿಯೇ ಆದರೂ ಯಾಗೊದಾಳಿಗೆ ಸಂಕಟವಾಯಿತು.

ಸೋಮವಾರ ಜುಲೈನ ನಡುಬೇಸಿಗೆಯ ಬಿಸಿಲು ಕಾದ ಕಾವಲಿಯಂತಿತ್ತು. ಆದರೆ ಆ ಮನೆಯಲ್ಲಿ ಎದುರುಬದುರಿನ ಕಿಟಕಿಗಳನ್ನು ಒಟ್ಟಿಗೆ ತೆರೆಯುವಂತಿಲ್ಲ. ಹಾಯ್ದುಹೋಗುವ ಗಾಳಿ ಕತ್ತು ತಿರುಚುತ್ತದೆ, ಕಿಡ್ನಿ ತಿನ್ನುತ್ತದೆ ಎಂದು ಊರೇ ನಂಬಿದೆ, ಸ್ತಮೆನಾ ಎಲ್ಲರಿಗಿಂತ ಹೆಚ್ಚು. ತನ್ನ ಗಂಡನನ್ನು ಕೊಂದದ್ದು ಕುಡಿತವಲ್ಲ, ರೈಲಿನ ಕಿಟಕಿಯ ಗಾಳಿ ಎಂದು ಈಗಲೂ ಹೇಳುತ್ತಾಳೆ. ಕ್ರೋಶಾ ಕಿತ್ತುಕೊಂಡಾಗಿದೆ, ಇನ್ನು ಕಿಟಕಿ ತೆರೆಯಿರಿ ಎಂದು ಯಾವ ಬಾಯಲ್ಲಿ ಕೇಳುವುದು? ಯಾಗೊದಾ ಮುಚ್ಚಿದ ಮನೆಯಲ್ಲೇ ಹೆಡ್‌ಫೋನ್ ಹಾಕಿಕೊಂಡು ಕೂತಳು.

ಮೊದಮೊದಲು ಎಲ್ಲ ಸುಸೂತ್ರ. ಆಮೇಲೆ ಕೋಣೆ ಕಾದಂತೆ ಫ್ಯಾನಿನ ದನಿ ಏರತೊಡಗಿತು. ಕಿವಿಯಲ್ಲಿ ಹೆಂಗಸೊಬ್ಬಳು ಕಪಾಟಿನ ಬಾಗಿಲಿನ ದೂರು ಹೇಳುತ್ತಿದ್ದಳು, ಎದ್ದು ಹೋಗುವಂತಿಲ್ಲ. ಯಾಗೊದಾ ಪೆಟ್ಟಿಗೆ ಮುಟ್ಟಿದಳು. ಮತ್ತೆ ಸುಡುತ್ತಿತ್ತು.

ಹಿಂದೆ ಕೋಲಿನ ಸದ್ದು. ಸ್ತಮೆನಾ ಬಾಲ್ಕನಿಯ ಬಾಗಿಲನ್ನು ಪೂರ್ತಿ ತೆರೆದಳು. ಅಡಿಗೆಮನೆಗೆ ಕುಂಟುತ್ತ ಹೋಗಿ ಅಲ್ಲಿನ ಕಿಟಕಿಯನ್ನೂ ತೆರೆದಳು. ಗಾಳಿ ನುಗ್ಗಿ ಪರದೆಗಳನ್ನು ಎತ್ತಿತು. ಬಾಗಿಲು ಬಡಿದು ಸದ್ದಾಗದಿರಲಿ ಎಂದು ಮುದುಕಿ ಕುರ್ಚಿ ಎಳೆದು ನಡುದಾರಿಯಲ್ಲೇ ಕೂತು, ಕೋಲಿನಿಂದ ಬಾಗಿಲನ್ನು ಒತ್ತಿ ಹಿಡಿದಳು. ಕತ್ತಿಗೆ ಆ ಕ್ರೋಶಾ ಸುತ್ತಿ ಪಿನ್ನು ಹಾಕಿಕೊಂಡಿದ್ದಳು.

ಫ್ಯಾನಿನ ದನಿ ಇಳಿಯಿತು. "ಕೇಳಿಸ್ತಿದೆ ಮೇಡಂ, ಹೇಳಿ," ಎಂದಳು ಯಾಗೊದಾ ಜರ್ಮನ್‌ನಲ್ಲಿ. ದನಿ ನಡುಗಲಿಲ್ಲ. ಕಣ್ಣು ಮಾತ್ರ ತುಂಬಿ ಹರಿಯುತ್ತಿತ್ತು.

"ನನ್ನನ್ನ ಯಾಕೆ ನೋಡ್ತೀಯೆ?" ಎಂದು ಮುದುಕಿ ಪಿಸುಗುಟ್ಟಿದಳು. "ನಿನ್ನ ಕೆಲಸ ನೋಡು."