ಸಾಲಿನ ಕೊನೆಯ ಸೀರೆ

ನನ್ನ ಮುದ್ದಿನ ಮೊಮ್ಮಕ್ಕಳೇ, ದೊಡ್ಡಾಕೀ, ಸಣ್ಣಾಕೀ, ಇದು ನಿಮ್ಮಿಬ್ಬರಿಗೆ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ನಿಮ್ಮ ಮುತ್ಯಾ ಇದ್ದಾಗ ಅವರ ಮುಂದೆಯೂ ನಾನು ಮೈಯ ಮಾತು ಆಡಿದವಳಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅವ್ವನಿಗೆ ಎದೆಯಲ್ಲಿ ಗಂಟಾಗಿದ್ದು, ಕಲಬುರಗಿಯಲ್ಲಿ ತೋರಿಸಿ ಗುಣವಾಗಿ ಆಳಂದಕ್ಕೆ ಮರಳಿದ್ದು ನಿಮಗೆ ಗೊತ್ತು. ಗೊತ್ತಿಲ್ಲದ್ದು ಆಮೇಲಿನದು. ಅವಳ ರಕ್ತ ಪರೀಕ್ಷಿಸಿದ ಡಾಕ್ಟರಮ್ಮ, ಈ ಕ್ಯಾನ್ಸರ್ ತರುವ ದೋಷ ವಂಶದಲ್ಲೇ ಹರಿದು ಬಂದಿರಬಹುದೆಂದು ಜೇವರ್ಗಿಯಿಂದ ನನ್ನನ್ನೂ ಕರೆಸಿದರು. ನನ್ನಲ್ಲೂ ಅದೇ ದೋಷ ಸಿಕ್ಕಿತು. ರೋಗ ಇನ್ನೂ ಬಂದಿರಲಿಲ್ಲ, ಬರುವ ಸಂಭವ ಬಹಳ. ಆಗಾಗ ಬಂದು ತಪಾಸಣೆ ಮಾಡಿಸಿಕೊಳ್ಳಬಹುದು, ಇಲ್ಲವೇ ರೋಗ ಬರುವ ಮೊದಲೇ ಎರಡೂ ಸ್ತನ ತೆಗೆಸಬಹುದು ಎಂದರು. ಏನೂ ಆಗದ ಮೈಯನ್ನು ಯಾಕೆ ಕೊಯ್ಯಿಸಬೇಕು? ಹಬ್ಬ ಮುಗಿಸಿ ಹೇಳುತ್ತೇನೆಂದು ತವರಿಗೆ, ಅತನೂರಿಗೆ ಹೋಗಿಬಿಟ್ಟೆ.

ನಮ್ಮ ತವರಲ್ಲಿ ಹಿರಿಯರ ಹಬ್ಬಕ್ಕೆ, ತೀರಿಕೊಂಡ ಹೆಂಗಸರ ಹೆಸರಲ್ಲಿ ಒಂದೊಂದು ಸೀರೆ ನಿರಿಗೆ ಹಿಡಿದು ಗೋಡೆಗೆ ಸಾಲಾಗಿ ನಿಲ್ಲಿಸುತ್ತಾರೆ. ಮೇಲೆ ಕುಪ್ಪಸದ ಖಣ, ಅದರ ಮೇಲೆ ಕುಂಕುಮ. ತಲೆಯಿಲ್ಲದ ಹೆಂಗಸರು ಒರಗಿ ಕೂತಂತೆ ಕಾಣುತ್ತದೆ. ನಮ್ಮವ್ವ, ನನ್ನ ಇಬ್ಬರು ಅಕ್ಕಂದಿರು, ಮೂವರೂ ಎದೆಯ ಗಂಟಿನಿಂದಲೇ ಹೋದವರು. ಅಕ್ಕಂದಿರು ಕೊನೆಗೆ ತವರಿಗೇ ಬಂದು ಕಣ್ಣು ಮುಚ್ಚಿದ್ದರಿಂದ ಅವರ ಸೀರೆಯೂ ಇಲ್ಲೇ. ನಿರಿಗೆ ಹಿಡಿಯುವ ಕೆಲಸ ಮೊದಲಿನಿಂದಲೂ ನನ್ನದು.

ಅಣ್ಣನ ಹೆಂಡತಿ, ನಮ್ಮ ವೈನಿ, ಎಡೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ಆ ಕಡೀದು ಯಾರದು ಬೇ?"

ಸಾಲಿನ ಕೊನೆಯಲ್ಲಿ ನಾನು ಸಂಜೆ ಉಡಲು ತಂದಿದ್ದ ಹಸಿರು ಸೀರೆ. ಖಣ ಇಟ್ಟಿದ್ದೆ, ಕುಂಕುಮವನ್ನೂ ಹಚ್ಚಿದ್ದೆ. ಹಚ್ಚಿದ ನೆನಪೇ ಇಲ್ಲ.

ಎತ್ತಲು ಹೋದೆ.

"ಮುಟ್ಟಬ್ಯಾಡ! ಕುಂಕುಮ ಬಿದ್ದ ಸೀರಿ ಎಡಿ ಆಗೋತನಾ ಎತ್ತಬಾರ್ದು."

"ನಾ ಇನ್ನಾ ಜೀವಂತ ಇದ್ದೀನಲ್ಲ ವೈನಿ!"

"ಕರಿಯೋ ಮೊದಲೇ ಊಟಕ್ಕ ಹೋಗಿ ಕುಂತೀದಿ ನೋಡು," ಎಂದಳು ವೈನಿ. ನಗಿಸಲು ಅಂದದ್ದು. ಅವಳಿಗೇ ನಗು ಬರಲಿಲ್ಲ.

ನನ್ನ ಸೀರೆಯ ಮುಂದೆಯೂ ಹೋಳಿಗೆಯ ಎಡೆ ಇಟ್ಟಳು. ಹಿರಿಯರು ಬಂದು ಉಣ್ಣಲೆಂದು ಬಾಗಿಲೆಳೆದು ನಾವೆಲ್ಲ ಅಂಗಳದಲ್ಲಿ ನಿಂತೆವು. ಒಳಗೆ ನಾನೂ ಕೂತಿದ್ದೆ, ಹೊರಗೂ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಟ್ಟೆ ಸರಿದ ಸದ್ದು ಬಂತು, ಯಾರೋ ಕೂತಲ್ಲೇ ಸೆರಗು ಸರಿಮಾಡಿಕೊಂಡ ಹಾಗೆ. ವೈನಿಗೂ ಕೇಳಿಸಿತು. ಅವಳು ಬಾಗಿಲನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು.

ಬಾಗಿಲು ತೆಗೆದಾಗ ಮೂರು ಸೀರೆ ಇಟ್ಟಂತೆಯೇ ಇದ್ದವು. ನನ್ನದು ಮಾತ್ರ ನಿರಿಗೆ ಬಿಚ್ಚಿ ಸಣ್ಣಕ್ಕನ ಸೀರೆಯ ಮೇಲೆ ಒರಗಿತ್ತು. ಹೊಸ ಸೀರೆ, ಜಾರುವುದು ಸಹಜ. ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ಪೂಜೆಯ ಸೀರೆಗಳನ್ನು ಮನೆಯ ಹೆಂಗಸರು ಹಂಚಿಕೊಂಡು ಉಡುವುದು ಪದ್ಧತಿ. ನನ್ನದಕ್ಕೆ ಯಾರೂ ಕೈ ಹಾಕಲಿಲ್ಲ.

"ಭೀಮಾ ಹೊಳ್ಯಾಗ ಬಿಡೋಣೇನು?" ಎಂದಳು ವೈನಿ.

"ಯಾಕ? ನನ್ನ ಸೀರಿ, ನಾ ಉಡ್ತೇನಿ."

ಉಟ್ಟೆ. ಬಟ್ಟೆ ನೀರಿನಿಂದ ತೆಗೆದಂತೆ ತಣ್ಣಗಿತ್ತು. ಸೆರಗು ಹೊದ್ದರೆ ಎದೆಯ ಮೇಲೆ ಆ ತಂಪು ಹಾಗೇ ಕೂತಿತು, ಮೈಬಿಸಿಗೂ ಹೋಗಲಿಲ್ಲ. ಸಾಲಿನಲ್ಲಿದ್ದ ಆ ಮೂವರನ್ನು ರೋಗ ಬರುವ ಮೊದಲೇ ಯಾವ ಡಾಕ್ಟರೂ ಕರೆದು ಕೇಳಿರಲಿಲ್ಲ. ನನ್ನನ್ನು ಕೇಳಿದ್ದಾರೆ. ನಿಂತಲ್ಲಿಂದಲೇ ನಿಮ್ಮ ಅವ್ವನಿಗೆ ಫೋನ್ ಮಾಡಿದೆ.

"ಡಾಕ್ಟರಮ್ಮಗ ಹೂಂ ಅಂತ ಹೇಳವ್ವಾ. ತೆಗಸ್ತೇನಿ."

"ಖರೇನಾ ಯವ್ವಾ?"

"ಖರೇ."

"ಹಂಗಾದ್ರ ಇನ್ನ ಕುಪ್ಪಸದ ಬಟ್ಟಿ ಉಳೀತದ ಬಿಡು," ಎಂದು ನಗಲು ಹೋಗಿ ಅತ್ತುಬಿಟ್ಟಳು.

ಬರುವ ವಾರ ದವಾಖಾನೆಗೆ ಸೇರುತ್ತೇನೆ. ಅಪಾಯ ಪೂರ್ತಿ ಹೋಗುವುದಿಲ್ಲ, ಬಹಳ ಕಡಿಮೆಯಾಗುತ್ತದೆ ಎಂದಿದ್ದಾರೆ. ಹೆದರಿಕೆಯಂತೂ ಇದೆ. ಆ ದೋಷ ನಿಮಗೂ ಬಂದಿರಬಹುದು, ಬರದೆಯೂ ಇರಬಹುದು. ದೊಡ್ಡವರಾದ ಮೇಲೆ ಪರೀಕ್ಷೆ ಮಾಡಿಸುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಆದರೆ ಗೊತ್ತಿರಲಿಲ್ಲ ಅನ್ನುವಂತಾಗಬಾರದು. ಈ ಹಾಳೆಗಳನ್ನು ಹಬ್ಬದ ಸಾಮಾನಿನ ಪೆಟ್ಟಿಗೆಯಲ್ಲಿ ಹಾಕಬೇಡಿ. ನಿಮ್ಮ ಶಾಲೆಯ ಸರ್ಟಿಫಿಕೇಟುಗಳ ಸಂಗಡ ಜೋಪಾನವಾಗಿ ಇಟ್ಟುಕೊಳ್ಳಿ.