ಗಾಜಿನ ಎಳೆ ಕಾಯುವ ಗಂಗಲಕ್ಷ್ಮಿ

ಮಿಡಿಗೇಶಿ ದಾಟಿದ ಮೇಲೆ ಪಾವಗಡದ ರಸ್ತೆಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಸ್ತೆ ಬದಿಯ ಹುಲ್ಲಿನಲ್ಲಿ ಒಬ್ಬ ಹೆಂಗಸು ಕೋಲಿನಿಂದ ಲಂಟಾನ ಪೊದೆ ಸರಿಸುತ್ತ, ನೆಲ ನೋಡುತ್ತ ಬರುತ್ತಿದ್ದಾರೆ. ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು, ಹೆಗಲಲ್ಲಿ ಬಟ್ಟೆಯ ಚೀಲ. ಹಸಿ ಮಣ್ಣು ಕಂಡ ಕಡೆ ನಿಲ್ಲುತ್ತಾರೆ. ಅದು ಹಂದಿ ಕೆದರಿದ್ದೋ, ಜೆಸಿಬಿ ಕೆದರಿದ್ದೋ ಎಂದು ಬಗ್ಗಿ ನೋಡುತ್ತಾರೆ. ಸಮಾಧಾನವಾದ ಮೇಲೇ ಮುಂದಿನ ಹೆಜ್ಜೆ.

ಪತ್ರಿಕೆಯಿಂದ ಬಂದಿದ್ದೇನೆ ಎಂದು ಪರಿಚಯ ಹೇಳಿಕೊಂಡರೆ ಗಂಗಲಕ್ಷ್ಮಿ ನಗುವುದಿಲ್ಲ. "ಕಾರ್ಡ್ ಕೊಡಿ" ಎನ್ನುತ್ತಾರೆ. ಕಾರ್ಡಿನ ಫೋಟೊ ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ. "ಇದ್ರಲ್ಲಿ ಕನ್ನಡಕ ಇಲ್ವಲ್ಲ?" ಅದರಲ್ಲಿದ್ದ ಕಚೇರಿಯ ನಂಬರಿಗೆ ಅಲ್ಲೇ ಫೋನು ಹಚ್ಚುತ್ತಾರೆ. ಅಷ್ಟು ಬೆಳಿಗ್ಗೆ ಎತ್ತುವವರು ಯಾರು?

"ಯಾರೂ ಎತ್ತಲ್ಲ. ಸರಿ, ಬನ್ನಿ. ಆದ್ರೆ ನೀವು ಮುಂದೆ ನಡೀರಿ. ಹಿಂದ್ಗಡೆ ಬರೋರು ನಂಗಾಗಲ್ಲ."

ಹಾಗೆ ಮುಂದೆ ನಡೆಯುತ್ತ, ಕುತ್ತಿಗೆ ತಿರುಗಿಸಿ ತಿರುಗಿಸಿ ಮಾತಾಡಿಸಿಕೊಂಡು ಬರೆದದ್ದು ಇದು.

ಗಂಗಲಕ್ಷ್ಮಿ ಕಾಯುವುದು ನೆಲದಡಿಯ ಒಂದು ಕೇಬಲ್ಲನ್ನು. ಅದರೊಳಗೆ ತಲೆಗೂದಲಿನಷ್ಟು ಸಣ್ಣ ಗಾಜಿನ ಎಳೆಗಳಿವೆ. ಮನೆಗೆ ಸಿನಿಮಾ ತರುವ ಇಂಟರ್ನೆಟ್ ಅಲ್ಲ ಇದು. ವಿಶ್ವವಿದ್ಯಾಲಯಗಳನ್ನೂ ಸಂಶೋಧನಾ ಕೇಂದ್ರಗಳನ್ನೂ ಒಂದಕ್ಕೊಂದು ಹೆಣೆದಿರುವ ಜಾಲದ ಒಂದು ಕೊನೆಯ ಕವಲು. ಮಧುಗಿರಿಯಿಂದ ಹೊರಟು, ರಸ್ತೆ ಬದಿಯಲ್ಲೇ ಸಾಗಿ, ಬೋರಗಲ್ಲುಪಾಳ್ಯ ಎಂಬ ಊರಿನ ಸಣ್ಣ ಪದವಿ ಕಾಲೇಜಿಗೆ ಮುಟ್ಟಿ ನಿಲ್ಲುತ್ತದೆ. ಆ ಕಾಲೇಜಿನಲ್ಲಿ ಒಳ್ಳೆಯ ಸೂಕ್ಷ್ಮದರ್ಶಕವಿಲ್ಲ. ಬುಧವಾರ ಬೆಳಿಗ್ಗೆ ಬಿ.ಎಸ್ಸಿ. ಮಕ್ಕಳು ಪರದೆಯ ಮುಂದೆ ಕೂತು, ಬೆಂಗಳೂರಿನ ಒಂದು ಸಂಶೋಧನಾ ಕೇಂದ್ರದ ದೊಡ್ಡ ಸೂಕ್ಷ್ಮದರ್ಶಕವನ್ನು ಇಲ್ಲಿಂದಲೇ ತಿರುಗಿಸುತ್ತಾರೆ. ಚಿತ್ರ ತಡವರಿಸಿದರೆ ಪಾಠ ಕೆಟ್ಟಂತೆ. ಅದಕ್ಕೇ ಈ ಎಳೆ ಬೇಕು, ಎಳೆಗೆ ಕಾವಲೂ ಬೇಕು.

ಗಂಗಲಕ್ಷ್ಮಿ ಹುಟ್ಟಿದ್ದು ಮಿಡಿಗೇಶಿ ಕೋಟೆಯ ಬುಡದಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟಿತು. ಗಂಡ ಓಬಳರಾಜು ಹಿಂದೂಪುರದ ಕಡೆ ಲಾರಿಗೆ ಲೋಡು ತುಂಬುವ ಕೆಲಸದಲ್ಲಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ಈ ಕೇಬಲ್ ಹೂಳುವಾಗ ಗಂಗಲಕ್ಷ್ಮಿ ಮಣ್ಣು ಹೊತ್ತ ಕೂಲಿಯವರಲ್ಲಿ ಒಬ್ಬರು. ಗುರುತಿನ ಕಲ್ಲುಗಳನ್ನು ಯಾರ್‍ಯಾರೋ ಕಿತ್ತು ದನ ಕಟ್ಟಲು ಒಯ್ದ ಮೇಲೆ, ಕೇಬಲ್ ಎಲ್ಲಿದೆ ಎಂದು ನೆನಪಿದ್ದವರು ಇವರು. ಗುತ್ತಿಗೆದಾರರು ಕಾವಲಿಗೆ ಇಟ್ಟುಕೊಂಡರು. ಈಗ ದಿನಾ ಹತ್ತು ಹನ್ನೆರಡು ಕಿಲೋಮೀಟರು ನಡಿಗೆ.

"ಮೊದಮೊದ್ಲು ಜನ ಏನೇನೋ ಅಂದ್ರು" ಎನ್ನುತ್ತಾರೆ. "ಒಬ್ಳೇ ಹೆಂಗ್ಸು ಇಷ್ಟೊತ್ನಲ್ಲಿ ರೋಡಲ್ಲಿ ಏನ್ ಹುಡುಕ್ತಾಳೆ, ನಿಧಿ ಗಿಧಿ ಇರ್ಬೇಕು ಅಂತ ನಾನು ಹೋದ್ಮೇಲೆ ಅಗೆದ್ ನೋಡೋರು. ನಾನ್ ಕಾಯೋ ಲೈನ್‌ನ ನನ್ ದೆಸೆಯಿಂದ್ಲೇ ಅಗೀತಾವ್ರೆ! ಆವಾಗಿಂದ ನಂಗೆ ಯಾರ್ ಮೇಲೂ ನಂಬ್ಕೆ ಇಲ್ಲ."

ಆದರೆ ಆ ಅನುಮಾನ ಎಲ್ಲಾ ಸೇರಿ ಇವರ ಕಡೆಗೇ ತಿರುಗಿದ್ದು ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ.

ಒಂದು ಬುಧವಾರ ಬೆಳಿಗ್ಗೆ ಕಾಲೇಜಿನ ಪರದೆ ಕಪ್ಪಾಯಿತು. ರಿಪೇರಿಯವರು ಜೀಪಿನಲ್ಲಿ ಬಂದು ಹುಡುಕಿದರೆ, ಮುಖ್ಯರಸ್ತೆಯಿಂದ ಊರಿಗೆ ತಿರುಗುವ ಕಡೆ, ಹೊಲದಂಚಿನ ಸಿಮೆಂಟು ಗುಂಡಿಯೊಳಗೆ ಕೇಬಲ್ ತುಂಡಾಗಿತ್ತು. ಗುಂಡಿಯ ಮುಚ್ಚಳ ಮಾತ್ರ ಹಾಕಿದ ಹಾಗೇ ಇತ್ತು. ಎರಡು ವಾರ ಬಿಟ್ಟು ಮತ್ತೆ ಬುಧವಾರ, ಅದೇ ಗುಂಡಿ. ಆಮೇಲೆ ಇನ್ನೊಂದು ಸಲ. ಬೆಂಗಳೂರಿನ ಕೇಂದ್ರದವರು ಸೌಜನ್ಯದಿಂದಲೇ ಹೇಳಿದರು: ಆ ಹೊತ್ತಿಗೆ ಕಾಯುತ್ತಿರುವ ಕಾಲೇಜುಗಳು ಬೇರೆಯೂ ಇವೆ, ಇನ್ನೊಂದು ಸಲ ತಪ್ಪಿದರೆ ನಿಮ್ಮ ಸರದಿ ಅವರಿಗೆ ಹೋಗುತ್ತದೆ.

ಮೇಲ್ವಿಚಾರಕ ನವೀನ್ ಕುಮಾರ್ ಗಂಗಲಕ್ಷ್ಮಿಯನ್ನು ರಸ್ತೆಯಲ್ಲೇ ನಿಲ್ಲಿಸಿ ಕೇಳಿದರು. "ಮುಚ್ಚಳ ಎತ್ತಕ್ಕೆ ಬರೋದು ಯಾರಿಗಮ್ಮ? ಆ ಗುಂಡಿ ಇರೋದು ಯಾರಿಗೆ ಗೊತ್ತು? ರಿಪೇರಿ ದಿನ ಕೂಲಿ ಜಾಸ್ತಿ ಸಿಗೋದು ಯಾರಿಗೆ?"

"ನಂಗೇ ಸಾರ್."

"ಮತ್ತೆ?"

ಗಂಗಲಕ್ಷ್ಮಿ ಅದನ್ನು ಈಗ ನೆನೆಯುತ್ತಾರೆ. "ಅವ್ರು ಹೇಳಿದ್ರಲ್ಲಿ ಸುಳ್ಳೇನೂ ಇರ್ಲಿಲ್ಲ ನೋಡಿ. ಎಲ್ಲಾ ನನ್ ಕಡೇನೇ ತೋರಿಸ್ತಿತ್ತು. ಮನೇಗ್ ಬಂದು ಕೂತ್ರೆ, ನಾನೇ ಕುಯ್ದ್‌ಬುಟ್ನೇನೋ ಅನ್ನೋ ಅಂಗಾಯ್ತು." ಇನ್ನೊಂದು ಸಲ ಆದರೆ ಕೆಲಸಕ್ಕೆ ಬರಬೇಡ ಎಂದು ನವೀನ್ ಕುಮಾರ್ ಹೇಳಿ ಹೋಗಿದ್ದರು. ಕೆಲಸ ಹೋದರೆ ಹೋಗಲಿ, ಕಳ್ಳಿ ಎನ್ನಿಸಿಕೊಂಡು ಹೋಗುವುದು ಹೇಗೆ?

ಹಾಗಾಗಿ ಇವರೂ ಒಬ್ಬರ ಮೇಲೆ ಬೆರಳು ತೋರಿಸಿದರು. ಗುಂಡಿ ಇರುವುದು ಕದರಪ್ಪ ಎಂಬ ಹಿರಿಯರ ಹೊಲದ ಅಂಚಿಗೆ. ಕೇಬಲ್ ಹೂಳುವಾಗ ತಮ್ಮ ಬದು ಕೆಡಿಸಿದರೆಂದು ಜಗಳ ತೆಗೆದಿದ್ದವರು ಅವರು. ಬೋರಗಲ್ಲುಪಾಳ್ಯದ ಟೀ ಅಂಗಡಿಯ ಮುಂದೆ, ನಾಲ್ಕು ಜನ ಕೂತಿರುವಾಗ, ಗಂಗಲಕ್ಷ್ಮಿ ನೇರ ಕೇಳಿಬಿಟ್ಟರು: "ಯಜಮಾನ್ರೇ, ನನ್ ಲೈನ್ ಯಾಕ್ ಕುಯ್ತಿದೀರಿ?"

ಆ ಕಡೆಯವರ ಮಾತಿನಲ್ಲಿ ತೆಲುಗು ಬೆರೆತೇ ಬರುತ್ತದೆ. "ನೇನೆಂದುಕು ಕೋಸ್ತಾನಮ್ಮಾ?" ಎಂದರು ಕದರಪ್ಪ. "ನಾನ್ಯಾಕ್ ಕುಯ್ಲಿ? ನನ್ ಮೊಮ್ಮಗಳು ತೇಜಸ್ವಿನೀನೇ ಅಲ್ಲವಾ ಆ ಪರದೆ ಮುಂದೆ ಕೂರೋದು? ಲೈನ್ ಹೋದ ದಿನ ಅವ್ಳು ಮನೇಲಿ ಊಟ ಬುಟ್ಟು ಕೂತಿದ್ಲು, ಪೋಯಿ ಅಡುಗು, ಹೋಗಿ ಕೇಳು!"

ಗಂಗಲಕ್ಷ್ಮಿಗೆ ನೆಲ ಬಿರಿದಂತಾಯಿತು. ಆದರೂ ಅನುಮಾನ ಪೂರ್ತಿ ಹೋಗಲಿಲ್ಲ ಎಂದು ಈಗಲೂ ಒಪ್ಪಿಕೊಳ್ಳುತ್ತಾರೆ. ಕದರಪ್ಪನವರಿಗೂ ಇವರ ಮೇಲೆ ಅದೇ ಅನುಮಾನ. ಕೊನೆಗೆ ದಾರಿ ತೋರಿಸಿದ್ದು ಅವರೇ. "ಬುಧವಾರ ನೀನೂ ಬಾ, ನಾನೂ ಬತ್ತೀನಿ. ನನ್ನ ನೀನು ಕಾಯಿ, ನಿನ್ನ ನಾನು ಕಾಯ್ತೀನಿ. ಇಬ್ರೂ ಅಲ್ಲ ಅಂದ್ರೆ ಮೂರನೇವ್ನು ಬಂದೇ ಬತ್ತಾನೆ."

ಆ ಬುಧವಾರ ಮಬ್ಬಿನಲ್ಲೇ ಇಬ್ಬರೂ ಹೊಂಗೆ ಮರದ ಹಿಂದೆ ಕೂತರು, ನಡುವೆ ಒಂದು ಮಾರು ಅಂತರ ಬಿಟ್ಟು. ಒಬ್ಬರು ಕೆಮ್ಮಿದರೆ ಇನ್ನೊಬ್ಬರು ತಿರುಗಿ ನೋಡುವುದು. ಹಾಲಿನ ಗಾಡಿ ಹೋಯಿತು. ಶಿರಾದ ಕಡೆ ಕಡಲೆಕಾಯಿ ಹೊತ್ತ ಟೆಂಪೊ ಹೋಯಿತು. ಆಮೇಲೆ ಒಂದು ಬೈಕು ಬಂದು ಗುಂಡಿಯ ಹತ್ತಿರ ನಿಂತಿತು. ಇಳಿದವರು ಹಿಂದೆ ಮುಂದೆ ನೋಡಿ, ಸೀಟಿನ ಪಕ್ಕದಿಂದ ಒಂದು ಸರಳನ್ನೂ ತಂತಿ ಕತ್ತರಿಸುವ ಕಟ್ಟರನ್ನೂ ತೆಗೆದು, ಮುಚ್ಚಳ ಮೀಟಿದರು.

ಕಾಲೇಜಿನ ಅತಿಥಿ ಉಪನ್ಯಾಸಕ ಚಂದ್ರಶೇಖರ್.

"ಕಣ್ಣುಜ್ಕೊಂಡ್ ಇನ್ನೊಂದ್ಸಲ ನೋಡ್ದೆ" ಎನ್ನುತ್ತಾರೆ ಗಂಗಲಕ್ಷ್ಮಿ. "ಇಡೀ ಊರಲ್ಲಿ 'ಏನಮ್ಮ, ಲೈನ್ ಚೆನ್ನಾಗಿದ್ಯಾ' ಅಂತ ಕೇಳ್ತಿದ್ದೋರು ಆ ಸಾರ್ ಒಬ್ರೇ. ನಾನ್ ಅದ್ನ ಪ್ರೀತಿ ಅನ್ಕೊಂಡಿದ್ದೆ."

ಕದರಪ್ಪ ಕೂಗು ಹಾಕಲು ಬಾಯಿ ತೆರೆದರು. ಗಂಗಲಕ್ಷ್ಮಿ ಅವರ ತೋಳು ಹಿಡಿದು ತಡೆದರು. ಕೂಗಿದರೆ ಊರು ಸೇರುತ್ತದೆ, ಊರು ಸೇರಿದರೆ ಕೈ ಮೊದಲು, ಮಾತು ಆಮೇಲೆ. ತಾವೇ ಎದ್ದು ಹೋದರು.

"ಸಾರ್, ನೀವಾ?"

ಚಂದ್ರಶೇಖರ್ ಕೈಯಲ್ಲಿದ್ದ ಕಟ್ಟರ್ ಕೆಳಗಿಟ್ಟು ಬದುವಿನ ಮೇಲೆ ಕುಸಿದರು. ಅವರೇ ಹೇಳಿದರು. ಪಾಠ ತಂತಿಯಲ್ಲೇ ಬರುವುದಾದರೆ ಅತಿಥಿ ಉಪನ್ಯಾಸಕರು ಯಾಕೆ ಎಂದು ಕಾಲೇಜಿನಲ್ಲಿ ಮಾತು ಹಬ್ಬಿತ್ತಂತೆ. ಪ್ರತಿ ವರ್ಷ ಹೊಸದಾಗಿ ಕರೆಸಿಕೊಳ್ಳುವ ಕೆಲಸ. ಈ ವರ್ಷ ಕರೆಯದಿದ್ದರೆ? "ನಿನ್ ಲೈನ್ ಬಂದ್ರೆ ನನ್ನ ಅನ್ನ ಹೋಗುತ್ತಮ್ಮ" ಎಂದರು.

"ನಿಮ್ ಅನ್ನ ಉಳಿಸ್ಕೊಳಕ್ಕೆ ನನ್ ಅನ್ನಕ್ಕೆ ಮಣ್ಣಾಕ್ತಿದ್ರಲ್ಲ ಸಾರ್. ನನ್ನ ಕಳ್ಳಿ ಅಂತಾವ್ರೆ, ಗೊತ್ತಾ ನಿಮ್ಗೆ?"

ಗೊತ್ತಿತ್ತು ಎಂದರು ಚಂದ್ರಶೇಖರ್. ಆ ಮಾತೇ ತಮಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಎನ್ನುತ್ತಾರೆ ಗಂಗಲಕ್ಷ್ಮಿ. ಫೋನು ಕೈಯಲ್ಲಿತ್ತು, ನವೀನ್ ಕುಮಾರ್ ನಂಬರೂ ಇತ್ತು. ಒತ್ತಲಿಲ್ಲ. "ಇವತ್ತು ಲೈನ್ ಇನ್ನೂ ಕುಯ್ದಿಲ್ಲ. ಕ್ಲಾಸು ಆಗ್ಲಿ. ಆದ್ರೆ ಕ್ಲಾಸಿಗ್ ಮುಂಚೆ ನಿಮ್ ಬಾಯಿಂದ್ಲೇ ಪ್ರಿನ್ಸಿಪಾಲ್‌ರಿಗೆ ಹೇಳ್ಬೇಕು. ನಾನ್ ಹಿಂದೇನೇ ಬತ್ತೀನಿ" ಎಂದರು. ಬೈಕು ತಳ್ಳಿಕೊಂಡು ಚಂದ್ರಶೇಖರ್, ಹಿಂದೆ ಗಂಗಲಕ್ಷ್ಮಿ, ಅವರ ಹಿಂದೆ ಕೋಲು ಹಿಡಿದ ಕದರಪ್ಪ. ಹೀಗೆ ಮೂವರೂ ಕಾಲೇಜಿನ ಗೇಟು ದಾಟಿದರು.

ಅವತ್ತಿನಿಂದ ಚಂದ್ರಶೇಖರ್‌ಗೆ ಪಾಠ ನಿಂತಿತು. ಗಂಗಲಕ್ಷ್ಮಿಯ ಕೆಲಸ ಉಳಿಯಿತು. ನವೀನ್ ಕುಮಾರ್ ತಪ್ಪಾಯಿತು ಎಂದರೇ? "ಅದೆಲ್ಲ ಇಲ್ಲ. 'ಸರಿ ಬುಡಮ್ಮ' ಅಂದ್ರು, ಅಷ್ಟೇ."

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಮುಂದಿನ ಬುಧವಾರಗಳಲ್ಲಿ ಪರದೆ ಹೊಳೆಯಿತು, ಲೈನು ನಿಲ್ಲಲಿಲ್ಲ, ಮಕ್ಕಳಿಗೆ ಮಾತ್ರ ಪಾಠ ತಲೆಗೆ ಹತ್ತಲಿಲ್ಲ. ಆ ಕಡೆಯ ವಿಜ್ಞಾನಿ ಹೇಳುವುದು ಇಂಗ್ಲಿಷಿನಲ್ಲಿ, ಅದೂ ವೇಗವಾಗಿ. ತೇಜಸ್ವಿನಿ ಮತ್ತವಳ ಗೆಳತಿಯರೇ ಪ್ರಾಂಶುಪಾಲರ ಕೋಣೆಗೆ ಹೋಗಿ, ಬಿಡಿಸಿ ಹೇಳುವುದಕ್ಕೆ ಚಂದ್ರಶೇಖರ್ ಸಾರ್ ಬೇಕು ಎಂದರು. ತಾತ ಅವಳನ್ನು ಬೈದರು. ಅವಳು ಕೇಳಲಿಲ್ಲ. ಅರ್ಧ ವರ್ಷ ಕಳೆದ ಮೇಲೆ ಚಂದ್ರಶೇಖರ್ ವಾಪಸು ಬಂದರು, ಬುಧವಾರದ ತರಗತಿಗೆ.

ನಾನು ಅವರನ್ನೂ ಕಂಡೆ. ಹೆಸರು ಹಾಕಬೇಕೋ ಬೇಡವೋ ಎಂದು ಕೇಳಿದೆ. "ಹಾಕಿ. ಮುಚ್ಚಿಟ್ಟಿದ್ದು ಸಾಕಾಗಿದೆ" ಎಂದರು. ಅತಿಥಿ ಉಪನ್ಯಾಸಕರು ಬೇಡವೆಂಬ ಮಾತು ಮೊದಲು ಯಾರ ಬಾಯಿಂದ ಬಂತು ಎಂದು ಪ್ರಾಂಶುಪಾಲರನ್ನು ಕೇಳಿದರೆ, ಅಂಥ ಮಾತೇ ಬಂದಿರಲಿಲ್ಲ ಎನ್ನುತ್ತಾರೆ. ಕಚೇರಿಯವರು ಸ್ಟಾಫ್ ರೂಮಿನ ಕಡೆ ಕೈ ತೋರಿಸುತ್ತಾರೆ, ಸ್ಟಾಫ್ ರೂಮಿನವರು ಕಚೇರಿಯ ಕಡೆ. ಯಾರೋ ಒಬ್ಬರು ಹೇಳಿದ್ದಂತೂ ನಿಜ. ಅದು ಯಾರೆಂದು ನನಗೆ ತಿಳಿಯಲಿಲ್ಲ.

ಗಂಗಲಕ್ಷ್ಮಿ ಚಂದ್ರಶೇಖರ್ ಜೊತೆ ಮಾತಾಡುತ್ತಾರೆ. ಅವರು ಕೊಟ್ಟ ಟೀ ಕುಡಿಯುತ್ತಾರೆ. ಆದರೆ ಗುಂಡಿಯ ಮುಚ್ಚಳಕ್ಕೆ ಹೇಳಿ ಮಾಡಿಸಿದ ಕಬ್ಬಿಣದ ಪಟ್ಟಿ, ಅದಕ್ಕೊಂದು ಬೀಗ. ಬೀಗದ ಕೈ ತಾಳಿ ಸರದಲ್ಲಿ.

"ಕ್ಷಮಿಸಿಲ್ಲವೇ ಹಾಗಾದರೆ?"

"ಕ್ಷಮ್ಸಿದೀನಿ. ಬೀಗಾನೂ ಹಾಕಿದೀನಿ. ಅದ್ ಬೇರೆ, ಇದ್ ಬೇರೆ."

ನಾನು ಹೋಗಿದ್ದೂ ಬುಧವಾರವೇ. ಇಷ್ಟು ವರ್ಷ ಲೈನು ಕಾದರೂ ಆ ಲೈನಿನಲ್ಲಿ ಏನು ಬರುತ್ತದೆ ಎಂದು ಗಂಗಲಕ್ಷ್ಮಿ ಕಣ್ಣಾರೆ ಕಂಡಿರಲಿಲ್ಲ. ಒಳಗೆ ಹೋಗಲು ಸಂಕೋಚ. ತೇಜಸ್ವಿನಿ ಕೈ ಹಿಡಿದು ಎಳೆದುಕೊಂಡೇ ಹೋದಳು. ಚಪ್ಪಲಿ ಹೊರಗೆ ಬಿಟ್ಟು, ಜಾಕೆಟ್ಟಿನ ಮೇಲೇ ಸೆರಗು ಹೊದ್ದು, ಹಿಂದಿನ ಬೆಂಚಿನ ತುದಿಯಲ್ಲಿ ಕೂತರು. ಬೋರಗಲ್ಲುಪಾಳ್ಯದ ಹೊಲದಿಂದಲೇ ಮಕ್ಕಳು ಕಿತ್ತು ಕಳಿಸಿದ್ದ ಕಡಲೆಕಾಯಿ ಗಿಡದ ಬೇರು ಬೆಂಗಳೂರಿನ ಸೂಕ್ಷ್ಮದರ್ಶಕದ ಕೆಳಗಿತ್ತು. ತೇಜಸ್ವಿನಿ ಮೌಸ್ ಜರುಗಿಸಿದಂತೆ ಬೇರಿನ ಗಂಟು ಪರದೆಯ ತುಂಬ ಹಿಗ್ಗಿತು. ಒಳಗೆಲ್ಲ ಕೆಂಪು. ಚಂದ್ರಶೇಖರ್ ಕನ್ನಡದಲ್ಲಿ ಬಿಡಿಸಿ ಹೇಳಿದರು: ಈ ಗಂಟಿನಲ್ಲಿರುವ ಜೀವಿಗಳೇ ಗಾಳಿಯಿಂದ ಗೊಬ್ಬರ ಹಿಡಿದು ಗಿಡಕ್ಕೆ ಕೊಡುವುದು.

ಗಂಗಲಕ್ಷ್ಮಿ ಹುಬ್ಬು ಗಂಟಿಕ್ಕಿ ನೋಡಿದರು. ಆಮೇಲೆ ಕೇಳಿಯೇ ಬಿಟ್ಟರು.

"ಇದು ಈಗ್ಲೇ ನಡೀತಿರೋದಾ, ಇಲ್ಲ ಮೊದ್ಲೇ ತೆಗೆದಿಟ್ಟಿರೋ ಪಿಚ್ಚರ್ರಾ?"

ಮಕ್ಕಳು ನಕ್ಕರು. ಅವರು ನಗಲಿಲ್ಲ. "ನಗ್‌ಬ್ಯಾಡ್ರಿ ಕಣಮ್ಮ. ಅಲ್ಲಿ ಮೂಲೇಲಿ ಕಾಣೋ ಮೇಡಂಗೆ ಒಂದ್ಸಲ ಕೈ ಎತ್ತಕ್ ಹೇಳ್ರಿ ನೋಡಾನ."

ಚಂದ್ರಶೇಖರ್ ಮೈಕಿನಲ್ಲಿ ಏನೋ ಹೇಳಿದರು, ಇವರು ಯಾರು ಎಂಬುದನ್ನೂ ಹೇಳಿದರು. ಪರದೆಯ ಮೂಲೆಯಲ್ಲಿ, ಬಿಳಿ ಕೋಟು ತೊಟ್ಟ ಹೆಂಗಸು ಮಾತು ನಿಲ್ಲಿಸಿ, ಕ್ಯಾಮೆರಾದ ಕಡೆ ತಿರುಗಿ ಬಲಗೈ ಎತ್ತಿದರು. ಎತ್ತಿ, ಇಳಿಸದೆ ಹಾಗೇ ಹಿಡಿದರು. ಗಂಗಲಕ್ಷ್ಮಿ ಎದ್ದು ನಿಂತು ತಾವೂ ಮೆಲ್ಲಗೆ ಕೈ ಎತ್ತಿದರು. ಆ ಕಡೆಯ ಮುಖ ನಕ್ಕಿತು.

"ಹೂಂ. ಈಗಿಂದೇ" ಎಂದು ಕೂತರು. ಸ್ವಲ್ಪ ಹೊತ್ತು ಬೇರನ್ನೇ ನೋಡಿ, ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡರು. ತೇಜಸ್ವಿನಿ ಬಾಗಿಲವರೆಗೆ ಬಂದಳು.

"ಈ ನಡುವೆ ಲೈನ್ ಯಾವಾಗಾದ್ರೂ ನಿಂತಿತಾ?"

"ಇಲ್ಲ ಅಕ್ಕ, ಒಂದ್ಸಲಾನೂ ಇಲ್ಲ."

"ನಿಲ್ಲಲ್ಲ ಬುಡು" ಎಂದರು ಗಂಗಲಕ್ಷ್ಮಿ. "ನಾನು ನಡೀತಾ ಇರ್ತೀನಲ್ಲ."